ಓದುಗರ ಪ್ರಶ್ನೆ, ನಮ್ಮ ಉತ್ತರ: ಊರಲ್ಲದ ‘ಉರ್’ಗಳು

ಕಳೆದ ಸಂಚಿಕೆಯಲ್ಲಿ ಆಲೂರಿನ ಓದುಗರೊಬ್ಬರ ಪ್ರಶ್ನೆಯನ್ನಷ್ಟೇ ಪ್ರಕಟಿಸಿ, ಉತ್ತರವನ್ನು ಈ ಸಂಚಿಕೆಗೆ ಕಾದಿರಿಸಿದ್ದೆವು. ಅಷ್ಟರೊಳಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಓದುಗರೂ ಅದೇ ಪದವನ್ನು ಹಿಡಿದು ಪತ್ರ ಬರೆದಿದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಬೇರೆ ವಿಷಯಗಳನ್ನು ಕೇಳಿದವರು ಮುಂದಿನ ಸಂಚಿಕೆಯವರೆಗೆ ದಯವಿಟ್ಟು ಕಾಯಬೇಕು.

ಪ್ರಶ್ನೆ (ಆಲೂರಿನ ನಿವೃತ್ತ ಅಧ್ಯಾಪಕರು): ನನ್ನ ಮಗ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಗಡಿಯಾರಕ್ಕೆ ‘ಉರ್’ ಎನ್ನುತ್ತಾರಂತೆ. ಅವನ ಕಚೇರಿಯಲ್ಲಿರುವ ನಾರ್ವೆಯವರೊಬ್ಬರು ತಮ್ಮಲ್ಲಿ ಉರ್ ಎಂದರೆ ಬೆಟ್ಟದ ಬುಡದಲ್ಲಿರುವ ಕಲ್ಲುರಾಶಿಯೂ ಹೌದೆಂದರಂತೆ. ಅದೇ ಕಚೇರಿಯಲ್ಲಿ ಮೊರಾಕ್ಕೋದ ಬೆರ್ಬೆರ್ ಭಾಷೆಯವರು ಇಬ್ಬರಿದ್ದು, ನಾದೋರ್ ಕಡೆಯವರು ಉರ್ ಎಂದರೆ ಹೃದಯವೆಂದೂ ಅಗಾದಿರ್ ಕಡೆಯವರು ‘ಇಲ್ಲ’ ಎಂದೂ ಹೇಳುತ್ತಾರೆ. ಇವೆಲ್ಲ ಒಂದೇ ಪದವೇ? ನಮ್ಮ ಆಲೂರು, ಬೇಲೂರು, ಕಡೂರುಗಳ ‘ಊರು’ ಇವಕ್ಕೆಲ್ಲ ಮೂಲವಾಗಿರಬಹುದೇ?

ಉತ್ತರ: ತಾವು ಕೇಳಿರುವ ಎರಡು ಪ್ರಶ್ನೆಗಳಿಗೂ ಉತ್ತರ ‘ಅಲ್ಲ’ ಎಂಬುದೇ. ಆದರೆ ಅಷ್ಟು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಈ ಪದಗಳು ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ರೂಪಕ್ಕೆ ತಲುಪಿವೆ, ಆ ದಾರಿಗಳಲ್ಲಿ ಹೆಚ್ಚಿನವನ್ನು ಇಂದಿಗೂ ಗುರುತಿಸಬಹುದು.

ಮೊದಲು ಉಚ್ಚಾರಣೆಯನ್ನು ಗಮನಿಸಬೇಕು. ರೋಮನ್ ಲಿಪಿಯಲ್ಲಿ ಇವನ್ನೆಲ್ಲ ಎರಡೇ ಅಕ್ಷರಗಳಲ್ಲಿ ಬರೆಯುವುದರಿಂದ ಇವು ಒಂದೇ ಎಂಬ ಭಾವನೆ ಅರ್ಧಭಾಗ ಲಿಪಿಯಿಂದಲೇ ಹುಟ್ಟುತ್ತದೆ. ಸ್ಕ್ಯಾಂಡಿನೇವಿಯದ ಪದಗಳಲ್ಲಿ ಸ್ವರ ದೀರ್ಘವಾಗಿರುತ್ತದೆ, ಬೆರ್ಬೆರ್ ಪದಗಳಲ್ಲಿ ಹ್ರಸ್ವ. ಕನ್ನಡದಲ್ಲಿ ಬರೆದಿದ್ದರೆ ಮೊದಲನೆಯವನ್ನು ‘ಊರ್’ ಎಂದೂ ಎರಡನೆಯವನ್ನು ‘ಉರ್’ ಎಂದೂ ಬೇರೆ ಮಾಡಿಯೇ ಬರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಬರೆಯುತ್ತೇವೆ. ಇದಲ್ಲದೆ ಸ್ವೀಡಿಶ್ ಮತ್ತು ನಾರ್ವೇಜಿಯನ್‌ನ ಆ ಸ್ವರ ನಮ್ಮ ‘ಊ’ ಅಲ್ಲ. ತುಟಿಯನ್ನು ಉರುಟು ಮಾಡಿ ನಾಲಗೆಯನ್ನು ಮುಂದಕ್ಕೆ ತಂದು ಉಚ್ಚರಿಸುವ ಅದು ಕನ್ನಡಿಗರ ಕಿವಿಗೆ ಊಕಾರ ಮತ್ತು ಈಕಾರಗಳ ನಡುವೆ ಎಲ್ಲೋ ನಿಂತಂತೆ ಕೇಳಿಸುತ್ತದೆ.

ಗಡಿಯಾರದ ‘ಊರ್’ ಸ್ಕ್ಯಾಂಡಿನೇವಿಯದ ಮನೆಮಾತಿನ ಸ್ವಂತ ಪದವಲ್ಲ. ಲ್ಯಾಟಿನ್‌ನ ‘ಹೋರಾ’ (ಗಂಟೆ, ಹೊತ್ತು) ಹಳೆಯ ಫ್ರೆಂಚ್‌ನಲ್ಲಿ ಹಕಾರವನ್ನು ಕಳೆದುಕೊಂಡು, ಉತ್ತರ ಜರ್ಮನಿಯ ಮಧ್ಯಕಾಲದ ಭಾಷೆಯಾದ ಕೆಳಜರ್ಮನ್‌ಗೆ ‘ಊರೆ’ ಎಂಬಂಥ ರೂಪದಲ್ಲಿ ಇಳಿದು, ಅಲ್ಲಿಂದ ಉತ್ತರಕ್ಕೆ ಸಾಗಿತು. ಸಾಗಿಸಿದವರು ಹಾನ್ಸಾ ವರ್ತಕ ಕೂಟದ ವ್ಯಾಪಾರಿಗಳು. ಲ್ಯೂಬೆಕ್ ನಗರವನ್ನು ಕೇಂದ್ರವಾಗಿಟ್ಟುಕೊಂಡು ಬರ್ಗನ್, ವಿಸ್ಬಿ, ಸ್ಟಾಕ್‌ಹೋಮ್‌ಗಳಲ್ಲಿ ನೆಲೆಯೂರಿದ್ದ ಈ ವರ್ತಕರಿಂದ ಸ್ಕ್ಯಾಂಡಿನೇವಿಯದ ಭಾಷೆಗಳಿಗೆ ಪೇಟೆಯ, ಕಸುಬಿನ, ಆಡಳಿತದ ಪದಗಳು ರಾಶಿರಾಶಿಯಾಗಿ ಬಂದವು. ಇಂದಿನ ಜರ್ಮನ್‌ನ ‘ಊರ್’ ಎಂಬ ಗಡಿಯಾರವೂ ಇದೇ ಪದ. ಡೇನಿಶ್‌ನಲ್ಲಿ ಇದು ದಿನಬಳಕೆಯ ಮಾತು. ಕೋಪನ್‌ಹೇಗನ್ ಪುರಭವನದಲ್ಲಿರುವ ಪ್ರಸಿದ್ಧ ಖಗೋಳ ಗಡಿಯಾರದ ಹೆಸರೇ ‘ವೆರ್ಡೆನ್ಸ್‌ಊರ್’, ಅಂದರೆ ಲೋಕದ ಗಡಿಯಾರ. ಅದನ್ನು ರೂಪಿಸಿದ ಯೆನ್ಸ್ ಓಲ್ಸನ್ 1945ರಲ್ಲಿ ತೀರಿಕೊಂಡರು, ಅದು ಓಡಲು ತೊಡಗಿದ್ದು 1955ರ ಡಿಸೆಂಬರ್ 15ರಂದು. ತಮ್ಮ ಮಗ ಅದನ್ನು ನೋಡಿಲ್ಲವಾದರೆ ಒಮ್ಮೆ ಹೋಗಿ ನೋಡಲಿ. ಸ್ವೀಡನ್‌ನಲ್ಲಿ ಮಾತ್ರ ಜನ ಸಾಮಾನ್ಯವಾಗಿ ‘ಕ್ಲೋಕಾ’ ಎನ್ನುತ್ತಾರೆ, ಅದರ ಮೂಲಾರ್ಥ ಬಾರಿಸುವ ಗಂಟೆ. ಅಲ್ಲಿ ‘ಊರ್’ ಎಂಬುದು ಕೈಗಡಿಯಾರ, ಸೂರ್ಯಗಡಿಯಾರ, ಗಡಿಯಾರ ರಿಪೇರಿಯವನು ಎಂಬಂಥ ಜೋಡುಪದಗಳೊಳಗೆ ಹೆಚ್ಚಾಗಿ ಉಳಿದಿದೆ.

ಸ್ವೀಡಿಶ್‌ನಲ್ಲಿ ಇನ್ನೊಂದು ‘ಊರ್’ ಇದೆ. ತಮ್ಮ ಮಗ ಸೇತುವೆ ದಾಟಿ ಮಾಲ್ಮೋಗೆ ಹೋದರೆ ಅದು ಕ್ಷಣಕ್ಷಣಕ್ಕೂ ಕಿವಿಗೆ ಬೀಳುತ್ತದೆ. ಅದು ನಮ್ಮ ‘ಇಂದ’, ‘ಒಳಗಿನಿಂದ ಹೊರಕ್ಕೆ’ ಎಂಬ ಅರ್ಥ ಕೊಡುವ ಪುಟ್ಟ ಪದ. ಇದಕ್ಕೂ ಗಡಿಯಾರಕ್ಕೂ ಯಾವ ನಂಟೂ ಇಲ್ಲ. ಇದು ಹಳೆಯ ಜರ್ಮಾನಿಕ್ ಮೂಲದ ಸ್ವಂತ ಪದ, ಐಸ್‌ಲ್ಯಾಂಡಿಕ್‌ನಲ್ಲಿಯೂ ಇದೇ ಅರ್ಥದಲ್ಲಿ ಉಳಿದಿದೆ. ಜರ್ಮನ್‌ನಲ್ಲಿ ಇದೇ ಮೂಲದ ತುಣುಕು ಪದಗಳ ಮುಂದೆ ಹತ್ತಿಕೊಂಡು ‘ಆದಿಯ’, ‘ಮೂಲದ’ ಎಂಬ ಅರ್ಥ ಪಡೆಯಿತು. ಆ ಅರ್ಥದ ತುಣುಕನ್ನು ಸ್ವೀಡಿಶ್ ಜರ್ಮನ್‌ನಿಂದ ಮತ್ತೆ ಎರವಲು ತಂದುಕೊಂಡು, ಆದಿಕಾಲದ ಕಾಡಿಗೆ ‘ಊರ್‌ಸ್ಕೂಗ್’ ಎನ್ನುತ್ತದೆ. ಒಂದೇ ಪದ ಮನೆಯಲ್ಲಿ ಹುಟ್ಟಿದ ಮಗುವಾಗಿಯೂ ಪರದೇಶದಿಂದ ಬಂದ ನೆಂಟನಾಗಿಯೂ ಒಂದೇ ಭಾಷೆಯಲ್ಲಿ ಇರುವುದು ಅಪರೂಪವೇನಲ್ಲ. ಕನ್ನಡದಲ್ಲಿಯೂ ತತ್ಸಮ, ತದ್ಭವಗಳು ಹೀಗೆ ಅಕ್ಕಪಕ್ಕದಲ್ಲಿ ಬದುಕಿವೆ.

ನಾರ್ವೆಯ ಕಲ್ಲುರಾಶಿ ಮೂರನೆಯದು. ಅದರ ಹಳೆಯ ರೂಪದ ಕೊನೆಯಲ್ಲಿ, ರೇಫೆಯ ನಂತರ, ಮೃದುವಾದ ದಕಾರವೊಂದು ಇತ್ತು. ನಾರ್ವೇಜಿಯನ್‌ನಲ್ಲಿ ಅಂಥ ದಕಾರ ಉಚ್ಚಾರಣೆಯಿಂದ ಬಿದ್ದುಹೋಗುವುದು ರೂಢಿ. ಭೂಮಿ ಎಂಬರ್ಥದ ‘ಯೂರ್ಡ್’ ಪದವನ್ನು ಬರೆಯುವಾಗ ದಕಾರ ಇಟ್ಟು ಓದುವಾಗ ಬಿಡುತ್ತಾರೆ. ಹಾಗೆ ಬಾಲ ಕಳಚಿದ ಮೇಲೆ ಕಲ್ಲುರಾಶಿಯೂ ‘ಊರ್’ ಆಯಿತು. ಇದು ಬರಿಯ ಕಲ್ಲುಗುಡ್ಡೆಯಲ್ಲ: ಕಡಿದಾದ ಬೆಟ್ಟದ ಬಿರುಕುಗಳಲ್ಲಿ ಇಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ಬಂಡೆಯನ್ನು ಒಡೆಯುತ್ತದೆ, ಒಡೆದ ಚೂರುಗಳು ಸಾವಿರಾರು ವರ್ಷ ಉರುಳಿ ಉರುಳಿ ಬುಡದಲ್ಲಿ ಇಳಿಜಾರಾಗಿ ನಿಲ್ಲುತ್ತವೆ. ಪಶ್ಚಿಮ ನಾರ್ವೆಯಲ್ಲಿ ಬೆಟ್ಟಗಳ ನಡುವೆ ಒಳಚಾಚಿದ ಕಡಲ ತೋಳುಗಳಾದ ಫಿಯರ್ಡ್‌ಗಳ ಪಕ್ಕದಲ್ಲಿ ಇಂಥ ರಾಶಿಗಳು ಎಲ್ಲೆಲ್ಲೂ ಕಾಣುತ್ತವೆ. ನಾರ್ವೆಯವರಿಗೆ ಗಡಿಯಾರ ಯಾವುದು, ಕಲ್ಲುರಾಶಿ ಯಾವುದು ಎಂಬ ಗೊಂದಲ ಬರುವುದಿಲ್ಲ, ಏಕೆಂದರೆ ಗಡಿಯಾರ ನಪುಂಸಕ ಲಿಂಗ, ಕಲ್ಲುರಾಶಿ ಸ್ತ್ರೀಲಿಂಗ. ನಿರ್ದಿಷ್ಟವಾಗಿ ಹೇಳುವಾಗ ಮೊದಲನೆಯದು ‘ಊರೆ’, ಎರಡನೆಯದು ‘ಊರಾ’. ನಾರ್ಸ್ ಪುರಾಣದ ವಿಧಿದೇವತೆ ‘ಉರ್ದ್’ಳ ಹೆಸರನ್ನು ಕೆಲವರು ಈ ಕಲ್ಲಿಗೆ ತಗುಲಿಸುತ್ತಾರೆ. ಆ ಹೆಸರು ‘ಆಗುವುದು’ ಎಂಬ ಕ್ರಿಯಾಪದದ ಸಂಬಂಧಿ, ಕಲ್ಲಿಗೂ ಅದಕ್ಕೂ ಲೆಕ್ಕವಿಲ್ಲ.

ಇನ್ನು ಮೊರಾಕ್ಕೋ. ಆ ಜನ ತಮ್ಮನ್ನು ‘ಇಮಾಜಿಘನ್’ ಎಂದೂ ತಮ್ಮ ಭಾಷೆಯನ್ನು ‘ತಮಾಜಿಘ್ತ್’ ಎಂದೂ ಕರೆದುಕೊಳ್ಳುತ್ತಾರೆ. ಕನ್ನಡದ ಪತ್ರಿಕೆಗಳಲ್ಲಿ ‘ಬರ್ಬರ ಕೃತ್ಯ’ ದಿನಾಲೂ ಅಚ್ಚಾಗುವುದರಿಂದ ಅವರ ಹೆಸರನ್ನು ‘ಅಮಾಜಿಘ್’ ಎಂದು ಬರೆಯುವುದೇ ಲೇಸೆಂದು ನಮಗೆ ತೋರುತ್ತದೆ. ಮೊರಾಕ್ಕೋ 2011ರ ಸಂವಿಧಾನದಲ್ಲಿ, ಅಲ್ಜೀರಿಯ 2016ರಲ್ಲಿ, ಇದನ್ನು ಅರಬ್ಬಿಯ ಜೊತೆಗೆ ಅಧಿಕೃತ ಭಾಷೆಯಾಗಿ ಒಪ್ಪಿಕೊಂಡವು. ಇದು ಒಂದು ಭಾಷೆಯೆನ್ನುವುದಕ್ಕಿಂತ ಅಟ್ಲಾಂಟಿಕ್ ಕರಾವಳಿಯಿಂದ ಈಜಿಪ್ಟಿನ ಸೀವಾ ಓಯಸಿಸ್‌ವರೆಗೆ ಹರಡಿದ ಭಾಷಾ ಬಳಗ ಎನ್ನುವುದು ಸರಿ.

ನಾದೋರ್ ಇರುವುದು ಉತ್ತರದ ರಿಫ್ ಬೆಟ್ಟಗಳ ಸೀಮೆಯಲ್ಲಿ. ಹೃದಯಕ್ಕೆ ಉಳಿದ ಹೆಚ್ಚಿನ ಅಮಾಜಿಘ್ ನುಡಿಗಳಲ್ಲಿ ‘ಉಲ್’ ಎನ್ನುತ್ತಾರೆ. ರಿಫ್‌ನ ಬಹುಭಾಗದಲ್ಲಿ ಹಳೆಯ ಲಕಾರ ರಕಾರವಾಗಿದೆ, ಹಾಗಾಗಿ ‘ಉಲ್’ ಅಲ್ಲಿ ‘ಉರ್’. ಇದು ಒಂದೆರಡು ಪದಗಳಿಗೆ ಆದ ಆಕಸ್ಮಿಕವಲ್ಲ. ಮಾತು ಎಂಬರ್ಥದ ‘ಅವಾಲ್’ ಅಲ್ಲಿ ‘ಅವಾರ್’ ಆಗುತ್ತದೆ. ಲಕಾರ ಒತ್ತಾಗಿ ಬಂದ ಕಡೆ ಅದು ಜಕಾರದ ಕಡೆಗೆ ಹೊರಳುತ್ತದೆ: ‘ನನ್ನ ಮಗಳು’ ಎಂಬುದಕ್ಕೆ ಬೇರೆಡೆ ‘ಯೆಲ್ಲಿ’, ರಿಫ್‌ನಲ್ಲಿ ‘ಯೆಜ್ಜಿ’. ಹೀಗೆ ನಿಯಮ ಕಟ್ಟಿಕೊಂಡು ನಡೆಯುವುದರಿಂದಲೇ ‘ಉರ್’ನ ಹಿಂದೆ ‘ಉಲ್’ ಇದೆಯೆಂದು ಧೈರ್ಯವಾಗಿ ಹೇಳಬಹುದು. ರಿಫ್‌ನ ಪೂರ್ವದಂಚಿನ ಇಜ್ನಾಸನ್ ಜನರ ಮಾತಿನಲ್ಲಿ ಲಕಾರ ಇನ್ನೂ ಹಾಗೆಯೇ ಇದೆ. ಅಗಾದಿರ್‌ನ ‘ಉರ್’ ಅಲ್ಲಿನ ತಶಲ್‌ಹೀತ್ ನುಡಿಯ ನಿಷೇಧಪದ, ಅದರ ವಿಷಯ ಕೊನೆಯ ಪ್ರಶ್ನೆಯಲ್ಲಿ ಬರುತ್ತದೆ.

ನಮ್ಮ ‘ಊರು’ ದ್ರಾವಿಡ ಪದ. ತಮಿಳು, ಮಲಯಾಳ, ತೆಲುಗುಗಳಲ್ಲಿಯೂ ಇದೇ ಅರ್ಥದಲ್ಲಿದೆ. ಸ್ಕ್ಯಾಂಡಿನೇವಿಯದ ಭಾಷೆಗಳು ಸಂಸ್ಕೃತವೂ ಸೇರಿದ ಇಂಡೋ-ಯುರೋಪಿಯನ್ ಕುಟುಂಬದವು, ಅಮಾಜಿಘ್ ನುಡಿಗಳು ಅರಬ್ಬಿ, ಹೀಬ್ರೂ, ಹೌಸಾಗಳಿರುವ ಆಫ್ರೋ-ಏಷ್ಯಾಟಿಕ್ ಕುಟುಂಬದವು. ಕುಟುಂಬ ಬೇರೆಯಾದರೂ ಎರವಲು ಸಾಧ್ಯವಿತ್ತು, ಅದು ನಿಜ. ಆದರೆ ಮೇಲೆ ಹೇಳಿದ ಯಾವ ‘ಉರ್’ಗೂ ಜನವಸತಿಯ ಅರ್ಥವಿಲ್ಲ, ಹಿಂದಕ್ಕೆ ಹೋದಷ್ಟೂ ಅವುಗಳ ರೂಪ ನಮ್ಮ ಊರಿನಿಂದ ದೂರವೇ ಆಗುತ್ತದೆ. ಹೋರಾ, ಉಲ್, ದಕಾರಾಂತ ಕಲ್ಲುರಾಶಿ ಇವುಗಳಲ್ಲಿ ಊರು ಎಲ್ಲಿದೆ? ಅಂದಹಾಗೆ, ಅಮಾಜಿಘ್ ನುಡಿಗಳಲ್ಲಿ ಚಂದ್ರನಿಗೆ ‘ಅಯ್ಯೂರ್’ ಎನ್ನುತ್ತಾರೆ. ಅದನ್ನು ಕೇಳಿ ಯಾರೂ ಅಯ್ಯನವರ ಊರೆಂದು ಪ್ರಬಂಧ ಬರೆಯದಿರಲಿ.

ಪ್ರಶ್ನೆ (ಬೇಲೂರಿನ ಓದುಗರು): ಯುರೋಪಿನ ಗಂಟೆ, ಗಡಿಯಾರಗಳ ಪದಗಳು ಗ್ರೀಕ್‌ನ ‘ಹೋರಾ’ದಿಂದ ಬಂದವೆಂದು ಓದಿದ್ದೇನೆ. ನಮ್ಮ ಪಂಚಾಂಗದ ಹೋರಾ ಅದೇ ಆದರೆ, ಯಾರಿಂದ ಯಾರು ಪಡೆದರು? ನಮ್ಮ ತಂದೆಯವರು ಅದು ‘ಅಹೋರಾತ್ರ’ದಿಂದ ಬಂದದ್ದೆನ್ನುತ್ತಿದ್ದರು.

ಉತ್ತರ: ತಮ್ಮ ಪ್ರಶ್ನೆ ಈ ಸಲದ ಪತ್ರಗಳಲ್ಲೆಲ್ಲ ನಮಗೆ ಹೆಚ್ಚು ಸಂತೋಷ ಕೊಟ್ಟಿತು. ಆಲೂರಿನವರು ಹುಡುಕಿದ ನಂಟು ಇಲ್ಲದ ಕಡೆ ಇತ್ತು. ತಾವು ಕೈಯಿಟ್ಟಿರುವುದು ನಿಜವಾಗಿಯೂ ನಂಟಿರುವ ಕಡೆ. ಪಂಚಾಂಗದ ‘ಹೋರಾ’ ಮತ್ತು ಡೇನಿಶ್‌ನ ‘ಊರ್’ ಒಂದೇ ಗ್ರೀಕ್ ಪದದ ಎರಡು ಕವಲುಗಳು. ಗ್ರೀಕ್‌ನಲ್ಲಿ ‘ಹೋರಾ’ ಎಂದರೆ ಮೊದಲು ಋತು, ಕಾಲ, ತಕ್ಕ ಹೊತ್ತು ಎಂದಿದ್ದು, ಆಮೇಲೆ ದಿನದ ಒಂದು ಭಾಗ ಎಂದಾಯಿತು. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಗ್ರೀಕ್ ಜ್ಯೋತಿಷದ ವಿಚಾರಗಳು ಪಶ್ಚಿಮ ಭಾರತಕ್ಕೆ ಬಂದಾಗ ಕೇಂದ್ರ, ಹೋರಾ, ದ್ರೇಕ್ಕಾಣ ಮೊದಲಾದ ಪಾರಿಭಾಷಿಕ ಪದಗಳೂ ಸಂಸ್ಕೃತಕ್ಕೆ ಬಂದವು. ರಾಶಿಯ ಅರ್ಧಭಾಗಕ್ಕೂ, ಒಂದೊಂದು ಗ್ರಹದ ಒಡೆತನದ ಒಂದೊಂದು ಗಂಟೆಗೂ ನಮ್ಮಲ್ಲಿ ಹೋರೆಯೆಂಬ ಹೆಸರೇ ನಿಂತಿತು.

ತಮ್ಮ ತಂದೆಯವರು ಹೇಳುತ್ತಿದ್ದುದಕ್ಕೆ ಬಹಳ ಹಳೆಯ ಆಧಾರವಿದೆ. ಆರನೆಯ ಶತಮಾನದ ವರಾಹಮಿಹಿರನೇ ತನ್ನ ಬೃಹಜ್ಜಾತಕದ ಮೊದಲ ಅಧ್ಯಾಯದಲ್ಲಿ, ಅಹೋರಾತ್ರ ಎಂಬುದರ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟರೆ ಹೋರಾ ಉಳಿಯುತ್ತದೆಂದು ಕೆಲವರು ಬಯಸುತ್ತಾರೆ ಎಂದು ಬರೆದಿದ್ದಾನೆ. ‘ಕೆಲವರು’ ಎಂದದ್ದನ್ನು ಗಮನಿಸಬೇಕು. ಅದನ್ನು ತನ್ನ ಅಭಿಪ್ರಾಯವೆಂದು ಅವನು ಹೇಳಿಲ್ಲ. ಪದದ ಎರಡೂ ತುದಿಗಳನ್ನು ಒಟ್ಟಿಗೆ ಕತ್ತರಿಸುವ ನಿಯಮ ಸಂಸ್ಕೃತದ ಬೇರೆ ಪದಗಳಲ್ಲಿ ಕಾಣುವುದಿಲ್ಲ, ಹೀಗಾಗಿ ಅದು ಜಾಣ ವಿವರಣೆಯೇ ಹೊರತು ಪದದ ಚರಿತ್ರೆಯಲ್ಲ.

ಇನ್ನೊಂದು ಸಂಗತಿ. ಸ್ವೀಡಿಶ್‌ನಲ್ಲಿ ವರ್ಷಕ್ಕೆ ‘ಓರ್’ ಎನ್ನುತ್ತಾರೆ. ಇದು ಎರವಲಲ್ಲ, ಗ್ರೀಕ್‌ನ ‘ಹೋರಾ’ದ ಜೊತೆಗೆ ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಹುಟ್ಟಿದ ಒಡಹುಟ್ಟು. ಹೀಗೆ ಸ್ವೀಡಿಶ್‌ನವರ ವರ್ಷವೂ ಗಡಿಯಾರವೂ ಕೊನೆಗೆ ಒಂದೇ ಬೇರಿನವು. ವರ್ಷ ತಾಯಿನುಡಿಯ ದಾರಿಯಿಂದ ಬಂತು, ಗಡಿಯಾರ ಗ್ರೀಸ್, ರೋಮ್, ಫ್ರಾನ್ಸ್, ಜರ್ಮನಿಗಳನ್ನು ಸುತ್ತಿಕೊಂಡು ಬಂತು.

ಪ್ರಶ್ನೆ (ಸಕಲೇಶಪುರದ ಕಾಫಿ ಬೆಳೆಗಾರರು): ಐಸ್‌ಲ್ಯಾಂಡಿನಲ್ಲಿ ‘ಊರ್’ ಎಂದರೆ ಮಳೆಯೆಂದು ನನ್ನ ಸೊಸೆ ಹೇಳುತ್ತಾಳೆ. ಹೌದೇ?

ಉತ್ತರ: ಹೌದು, ಆದರೆ ತಾವು ಆಷಾಢದಲ್ಲಿ ಕಾಣುವ ಜಡಿಮಳೆಯಲ್ಲ. ಅದು ಸೋನೆ, ತುಂತುರು. ವೈಕಿಂಗರ ಕಾಲದ ರೂನ್ ಲಿಪಿಯಲ್ಲಿ ಉಕಾರದ ಅಕ್ಷರದ ಹೆಸರೇ ‘ಊರ್’. ಒಂದೊಂದು ಅಕ್ಷರದ ಹೆಸರನ್ನೂ ನೆನಪಿಟ್ಟುಕೊಳ್ಳಲು ಪುಟ್ಟ ಪದ್ಯಗಳಿದ್ದವು, ಅವು ಮೂರು ನಾಡುಗಳಲ್ಲಿ ಮೂರು ಬಗೆಯಾಗಿ ಉಳಿದಿವೆ. ಈ ಅಕ್ಷರದ ವಿಷಯದಲ್ಲಿ ಅವು ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಐಸ್‌ಲ್ಯಾಂಡಿನ ಪದ್ಯ ಊರ್ ಎಂಬುದನ್ನು ಮೋಡಗಳ ಅಳು, ಹುಲ್ಲಿನ ಕೊಯ್ಲನ್ನು ಕೆಡಿಸುವಂಥದ್ದು, ದನಗಾಹಿಯ ಹಗೆ ಎಂದು ಬಣ್ಣಿಸುತ್ತದೆ. ಚಳಿಗಾಲಕ್ಕೆ ಹುಲ್ಲು ಒಣಗಿಸಿ ಕೂಡಿಡದಿದ್ದರೆ ದನ ಸಾಯುವ ನಾಡಿನಲ್ಲಿ ಕೊಯ್ಲಿನ ಹೊತ್ತಿನ ತುಂತುರು ಎಂಥ ಶತ್ರುವೆಂಬುದನ್ನು, ಕಣದಲ್ಲಿ ಕಾಫಿ ಹರಡಿ ಆಕಾಶ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾರ್ವೆಯ ಪದ್ಯದಲ್ಲಿ ಊರ್ ಮಳೆಯಲ್ಲ, ಕೆಟ್ಟ ಕಬ್ಬಿಣದಿಂದ ಬರುವ ಕಿಟ್ಟ. ಇಂಗ್ಲೆಂಡಿನ ಹಳೆಯ ಪದ್ಯದಲ್ಲಿ ಅದು ದೊಡ್ಡ ಕೊಂಬಿನ ಕಾಡೆತ್ತು. ಆ ಕಾಡೆತ್ತು ನಮ್ಮ ಕಾಟಿಯಲ್ಲ. ಯುರೋಪಿನ ಸಾಕುದನಗಳ ಪೂರ್ವಜ. ಅದರ ಕೊನೆಯ ಪ್ರಾಣಿ ಪೋಲೆಂಡಿನ ಯಾಕ್ಟೊರುವ್ ಕಾಡಿನಲ್ಲಿ 1627ರಲ್ಲಿ ಸತ್ತಿತು.

ಅಕ್ಷರದ ಹಳೆಯ ಹೆಸರು ಕಾಡೆತ್ತಿನದೇ ಇರಬೇಕು, ಅದು ಇಲ್ಲದ ನಾಡುಗಳಲ್ಲಿ ಜನ ಅದೇ ಸದ್ದಿನ ತಮ್ಮ ತಮ್ಮ ಪದವನ್ನು ಅಲ್ಲಿ ಕೂರಿಸಿಕೊಂಡರು ಎಂಬ ವಾದ ನಮಗೆ ಒಪ್ಪಿಗೆಯಾಗುತ್ತದೆ. ಐಸ್‌ಲ್ಯಾಂಡಿನಲ್ಲಂತೂ ಕಾಡೆತ್ತು ಎಂದೂ ಇರಲಿಲ್ಲ. ಮಳೆಯ ಪದಕ್ಕೆ ಮಾತ್ರ ನಮಗೆ ಪರಿಚಿತ ಬಂಧುವೊಂದಿದೆ: ನಿಘಂಟುಕಾರರು ಅದನ್ನು ಸಂಸ್ಕೃತದ ‘ವಾರಿ’ಯ ಜೊತೆಗೆ ಇಡುತ್ತಾರೆ. ಸ್ವೀಡಿಶ್‌ನಲ್ಲಿ ಈ ಊರ್ ಒಂಟಿಯಾಗಿ ಈಗ ಬಳಕೆಯಲ್ಲಿಲ್ಲದಿದ್ದರೂ ‘ಈ ಊರ್ ಓಕ್ ಸ್ಕೂರ್’ ಎಂಬ ನುಡಿಗಟ್ಟಿನಲ್ಲಿ ಜೀವಂತವಾಗಿದೆ. ಮಳೆಯಿರಲಿ ಗಾಳಿಯಿರಲಿ ಎಂಬುದು ಅದರ ಭಾವ.

ಪ್ರಶ್ನೆ (ಕಡೂರಿನ ಓದುಗರು): ಇರಾಕಿನ ಪುರಾತನ ‘ಊರ್’ ನಗರವಾದರೂ ನಮ್ಮ ಊರೇ ತಾನೇ?

ಉತ್ತರ: ಅಲ್ಲ. ಸುಮೇರಿಯನ್ನರ ಬಾಯಲ್ಲಿ ಆ ನಗರದ ಹೆಸರು ‘ಉರಿಮ್’. ಅಲ್ಲಿ ಜಿಗ್ಗುರಾತ್ (ಮೆಟ್ಟಿಲುಮೆಟ್ಟಿಲಾಗಿ ಏರುವ ದೇಗುಲ ಗೋಪುರ) ಕಟ್ಟಿಸಿದ ಅರಸ ಉರ್-ನಮ್ಮುವಿನ ಹೆಸರಿನ ‘ಉರ್’ ಮತ್ತೊಂದು ಪದ, ಅದು ‘ನಮ್ಮು ದೇವತೆಯ ಸೇವಕ’ ಎಂಬ ಅರ್ಥದ್ದು. ನಗರಕ್ಕೆ ಅವರಲ್ಲಿ ‘ಉರು’ ಅಥವಾ ‘ಇರಿ’ ಎಂದು ಓದುವ ಪದ ಇತ್ತೆಂಬುದು ನಿಜ, ಆದರೆ ಒಂದು ಪದದ ಹೋಲಿಕೆಯಿಂದ ನಂಟು ಸಾಧಿಸಲಾಗದು. ಸ್ಪೇನಿನ ಬಾಸ್ಕ್ ಭಾಷೆಯಲ್ಲಿ ‘ಉರ್’ ಎಂದರೆ ನೀರು. ಹುಡುಕುತ್ತ ಹೋದರೆ ಇಂಥವು ಇನ್ನೂ ಸಿಗುತ್ತವೆ.

ಪ್ರಶ್ನೆ (ಚಿಕ್ಕಮಗಳೂರಿನ ಗೃಹಿಣಿ): ಒಂದೇ ಸದ್ದಿನ ಪದಗಳು ಬೇರೆ ಬೇರೆ ಮೂಲದವೆಂದು ಪರದೇಶದ ಭಾಷೆಗಳ ಬಗ್ಗೆ ಹೇಳಿದರೆ ನಮಗೆ ನಂಬುವುದು ಕಷ್ಟ. ನಮ್ಮ ‘ಊರು’ವಿನಲ್ಲೇ ಹಾಗೆ ತೋರಿಸಬಹುದೇ? ಚಿಕ್ಕಮಗಳೂರು ‘ಚಿಕ್ಕ ಮಗಳ ಊರು’ ಎಂಬುದಾದರೂ ಸರಿಯೇ?

ಉತ್ತರ: ಧಾರಾಳವಾಗಿ ತೋರಿಸಬಹುದು. ಬಾವಿಯಲ್ಲಿ ನೀರು ಊರುತ್ತದೆ, ಉಪ್ಪಿನಕಾಯಿ ಊರುತ್ತದೆ, ಮುದುಕರು ಕೋಲೂರಿ ನಡೆಯುತ್ತಾರೆ, ಗದ್ದೆಯಲ್ಲಿ ಬೀಜ ಊರುತ್ತಾರೆ, ದುರ್ಯೋಧನನಿಗೆ ಊರುಭಂಗವಾಗುತ್ತದೆ. ಕೊನೆಯದು ಸಂಸ್ಕೃತದಿಂದ ಬಂದ, ತೊಡೆ ಎಂಬ ಅರ್ಥದ ಪದ. ಒಸರುವ ಊರು, ನೆಡುವ ಮತ್ತು ಒತ್ತುವ ಊರು, ಇವೆರಡೂ ಒಂದರಿಂದೊಂದು ಬೇರೆಯಾದ ದ್ರಾವಿಡ ಪದಗಳು. ಹಳಗನ್ನಡದಲ್ಲಿ ಈ ಎರಡನ್ನೂ ಶಕಟರೇಫೆಯಿಂದ ‘ಊಱು’ ಎಂದು ಬರೆಯುತ್ತಿದ್ದರು. ಜನವಸತಿಯ ‘ಊರ್’ ಮಾತ್ರ ಸಾಮಾನ್ಯ ರಕಾರದ್ದು. ಶಕಟರೇಫೆಯ ಉಚ್ಚಾರಣೆ ರಕಾರದಲ್ಲಿ ಕರಗಿಹೋದ ಮೇಲೆ ಇವೆಲ್ಲ ಒಂದೇ ಸಾಲಿನಲ್ಲಿ ನಿಂತವು. ರಿಫ್‌ನಲ್ಲಿ ಲಕಾರ ಹೋಗಿ ಹೃದಯ ‘ಉರ್’ ಆದದ್ದು, ನಾರ್ವೆಯಲ್ಲಿ ದಕಾರ ಬಿದ್ದು ಕಲ್ಲುರಾಶಿ ‘ಊರ್’ ಆದದ್ದು ಇದೇ ಬಗೆಯ ಕೆಲಸ. ತಮಿಳಿನವರು ಇಂದಿಗೂ ಎರಡು ರೇಫೆಗಳನ್ನು ಬೇರೆ ಬೇರೆ ಅಕ್ಷರಗಳಲ್ಲಿ ಬರೆಯುವುದರಿಂದ ಅವರ ನಿಘಂಟಿನಲ್ಲಿ ಈ ಪದಗಳು ಕಲೆಸಿಲ್ಲ.

ಚಿಕ್ಕಮಗಳೂರಿನ ವಿಷಯ ಸ್ವಲ್ಪ ಸೂಕ್ಷ್ಮ. ಸಖರಾಯಪಟ್ಟಣದ ರುಕ್ಮಾಂಗದನು ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರೆಂಬ ಐತಿಹ್ಯವನ್ನು ತಾವೆಲ್ಲರೂ ಕೇಳಿರುತ್ತೀರಿ, ಹಿರಿಯ ಮಗಳಿಗೆ ಪಕ್ಕದ ಹಿರೇಮಗಳೂರು. ಆದರೆ ಹಳೆಯ ಶಾಸನಗಳಲ್ಲಿ ಈ ಎರಡು ಊರುಗಳ ಹೆಸರು ‘ಕಿರಿಯ ಮುಗುಳಿ’ ಮತ್ತು ‘ಪಿರಿಯ ಮುಗುಳಿ’ ಎಂದಿದೆ. ‘ಪಿರಿಯ’ ಎಂಬುದು ‘ಹಿರಿಯ’ ಆದದ್ದು ಕನ್ನಡದ ನಿಯಮಕ್ಕೆ ತಕ್ಕಂತೆಯೇ ಇದೆ, ಪಾಲು ಹಾಲಾದದ್ದು, ಪೂ ಹೂವಾದದ್ದು ಹಾಗೆಯೇ. ‘ಮುಗುಳಿ’ ಮಾತ್ರ ‘ಮಗಳೂರು’ ಆಗಲು ಅಂಥ ನಿಯಮ ಯಾವುದೂ ಇಲ್ಲ. ಅರ್ಥ ಮರೆತುಹೋದ ಹೆಸರಿಗೆ ಜನ ಅರ್ಥವಿರುವ ಪದಗಳನ್ನು ತೊಡಿಸಿದರು, ತೊಡಿಸಿದ ಮೇಲೆ ಅದಕ್ಕೊಂದು ಕಥೆ ಹುಟ್ಟಿತು ಎಂದು ಊಹಿಸುವುದೇ ನಮಗೆ ಹೆಚ್ಚು ಸಹಜವಾಗಿ ತೋರುತ್ತದೆ. ಊರಿನ ಹೆಣ್ಣುಮಕ್ಕಳು ಇದಕ್ಕೆ ಬೇಸರಪಡಬಾರದು. ಕಥೆ ಕಥೆಯಾಗಿ ಚೆನ್ನಾಗಿಯೇ ಇದೆ.

ಪ್ರಶ್ನೆ (ಮೂಡಿಗೆರೆಯ ಕಾಲೇಜು ವಿದ್ಯಾರ್ಥಿ): ಅಗಾದಿರ್‌ನವರ ‘ಇಲ್ಲ’ ಎಂಬ ಉರ್ ಬಗ್ಗೆ ತಿಳಿಯಬೇಕೆಂದಿದ್ದೇನೆ. ಅದನ್ನು ನಮ್ಮ ‘ಇಲ್ಲ’ದಂತೆಯೇ ಬಳಸುತ್ತಾರೆಯೇ? ಅದು ಹುಟ್ಟಿದ್ದು ಎಲ್ಲಿಂದ? ಹೃದಯದ ಉರ್‌ಗೂ ಅದಕ್ಕೂ ಏನಾದರೂ ಸಂಬಂಧವಿದೆಯೇ, ಸರ್?

ಉತ್ತರ: ಕೊನೆಯದನ್ನು ಮೊದಲು ಮುಗಿಸೋಣ: ಸಂಬಂಧವಿಲ್ಲ. ಹೃದಯದ ಪದ ಮೂಲದಲ್ಲಿ ಲಕಾರದ್ದು, ನಿಷೇಧದ ಪದ ಮೂಲದಿಂದಲೂ ರಕಾರದ್ದು. ಹೃದಯ ‘ಉರ್’ ಆಗಿರುವ ರಿಫ್‌ನಲ್ಲಿ ನಿಷೇಧಕ್ಕೆ ಹೆಚ್ಚಾಗಿ ‘ವರ್’ ಎಂಬ ರೂಪ ಬಳಸುವುದರಿಂದ ಅಲ್ಲಿಯೂ ಗೊಂದಲವಿಲ್ಲ. ಸಹಾರಾದ ತುವಾರೆಗ್ ಜನರಲ್ಲಿಯೂ ಅದು ‘ವರ್’ ಎಂಬಂತೆಯೇ ಇದೆ. ಅಲ್ಜೀರಿಯದ ಕಬೀಲಿಯಾದಲ್ಲಿ ‘ವರ್’ ಎಂದರೆ ‘ಇಲ್ಲದ’: ‘ವರ್ ಇಸೆಮ್’ ಎಂದರೆ ಹೆಸರಿಲ್ಲದ. ಇವನ್ನೆಲ್ಲ ಹಲವು ವಿದ್ವಾಂಸರು ‘ಇಲ್ಲದಿರು’, ‘ಕೊರತೆಯಾಗು’ ಎಂಬ ಅರ್ಥದ ಹಳೆಯ ಕ್ರಿಯಾಪದಕ್ಕೆ ಜೋಡಿಸುತ್ತಾರೆ. ಅಂದರೆ ಅದು ನಮ್ಮ ‘ಇಲ್ಲ’ದಂತೆಯೇ ಇರವಿನ ಅಭಾವದಿಂದ ಹುಟ್ಟಿದ ನಿಷೇಧ.

ಬಳಕೆಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿದೆ. ನಮ್ಮ ‘ಇಲ್ಲ’ ವಾಕ್ಯದ ಕೊನೆಯಲ್ಲಿ ಬಂದು ಎಲ್ಲವನ್ನೂ ಅಳಿಸುತ್ತದೆ, ಅವರ ‘ಉರ್’ ಕ್ರಿಯಾಪದಕ್ಕಿಂತ ಮುಂಚೆಯೇ ನಿಂತು ಎಚ್ಚರಿಸುತ್ತದೆ. ‘ಅವನನ್ನು’ ಎಂಬಂಥ ಪುಟ್ಟ ಸರ್ವನಾಮ ಸಾಮಾನ್ಯವಾಗಿ ಕ್ರಿಯಾಪದದ ಹಿಂದೆ ಹತ್ತಿಕೊಂಡಿರುತ್ತದೆ, ‘ಉರ್’ ಬಂದ ಕೂಡಲೇ ಅದು ಕ್ರಿಯಾಪದವನ್ನು ಬಿಟ್ಟು ‘ಉರ್’ನ ಪಕ್ಕಕ್ಕೆ ಜಿಗಿಯುತ್ತದೆ. ಇದಲ್ಲದೆ ಕ್ರಿಯಾಪದದ ಒಳಗಿನ ಸ್ವರವೂ ಬದಲಾಗುತ್ತದೆ. ಕಬೀಲಿಯಾದಲ್ಲಿ ‘ಯೆಸ್ಸೆನ್’ ಎಂದರೆ ಅವನು ಬಲ್ಲ, ‘ಉರ್ ಯೆಸ್ಸಿನ್ ಅರಾ’ ಎಂದರೆ ಅವನು ಅರಿಯ. ಎಕಾರ ಇಕಾರವಾದದ್ದನ್ನು ನೋಡಿ. ನಿಷೇಧಕ್ಕೆಂದೇ ಮೀಸಲಾದ ಕ್ರಿಯಾರೂಪ ಅದು. ಹಳಗನ್ನಡ ಓದಿದವರಿಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣದು, ನಮ್ಮ ‘ಅರಿಯೆ’, ‘ಒಲ್ಲೆ’, ‘ಬಾರೆ’ಗಳಲ್ಲಿಯೂ ಬೇರೆ ನಿಷೇಧಪದವೇ ಇಲ್ಲದೆ ಕ್ರಿಯಾರೂಪವೇ ನಿಷೇಧವನ್ನು ಹೊತ್ತಿದೆ.

ಈಗ ಆ ‘ಅರಾ’. ಅದು ‘ವಸ್ತು’, ‘ಏನಾದರೂ’ ಎಂಬ ಅರ್ಥದ ಹಳೆಯ ನಾಮಪದದ ಅವಶೇಷವೆಂಬುದು ವಿದ್ವಾಂಸರ ಅಭಿಪ್ರಾಯ. ಮೊದಲು ‘ಏನೂ ಅರಿಯ’ ಎಂದು ಒತ್ತಿ ಹೇಳುವುದಕ್ಕೆ ಅದನ್ನು ಸೇರಿಸುತ್ತಿದ್ದರು. ಪದೇ ಪದೇ ಸೇರಿಸಿ ಒತ್ತು ಸವೆದುಹೋಗಿ, ಅದಿಲ್ಲದೆ ವಾಕ್ಯವೇ ಪೂರ್ತಿಯಾಗದಂತಾಯಿತು. ಈ ಬಗೆಯ ಚಲನೆಯನ್ನು 1917ರಲ್ಲಿ ಹಲವು ಭಾಷೆಗಳ ನಿದರ್ಶನ ಕೊಟ್ಟು ವಿವರಿಸಿದವರು ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಒಟ್ಟೊ ಯೆಸ್ಪರ್ಸನ್. ಹಳೆಯ ನಿಷೇಧಪದ ದುರ್ಬಲವಾಗುತ್ತದೆ, ಅದಕ್ಕೆ ಊರುಗೋಲಾಗಿ ಇನ್ನೊಂದು ಪದ ಬರುತ್ತದೆ, ಕೊನೆಗೆ ಊರುಗೋಲೇ ನಿಷೇಧವಾಗಿ ಹಳೆಯದು ಬಿದ್ದುಹೋಗುತ್ತದೆ. 1979ರಲ್ಲಿ ಸ್ವೀಡನ್ನಿನ ಓಸ್ಟೆನ್ ಡಾಲ್ ಇದಕ್ಕೆ ‘ಯೆಸ್ಪರ್ಸನ್ ಚಕ್ರ’ ಎಂದು ಹೆಸರಿಟ್ಟರು. ಇಂದು ಅಮಾಜಿಘ್ ನಿಷೇಧವನ್ನು ಅಭ್ಯಾಸ ಮಾಡುವವರೆಲ್ಲ ಬಳಸುವುದು ಈ ಹೆಸರನ್ನೇ.

ಯೆಸ್ಪರ್ಸನ್‌ರ ತಾಯ್ನುಡಿ ಈ ಚಕ್ರವನ್ನು ಒಂದು ಸುತ್ತು ಮುಗಿಸಿದೆ. ಡೇನಿಶ್, ನಾರ್ವೇಜಿಯನ್‌ಗಳಲ್ಲಿ ‘ಇಲ್ಲ, ಅಲ್ಲ’ ಎಂಬರ್ಥದ ‘ಇಕ್ಕೆ’ ಮೂಲದಲ್ಲಿ ‘ಒಂದೂ’, ‘ಏನೂ’ ಎಂಬರ್ಥದ ಪದ. ಅದಕ್ಕಿಂತ ಮುಂಚೆ ಕ್ರಿಯಾಪದದ ಮುಂದೆ ನಿಲ್ಲುತ್ತಿದ್ದ ‘ನೆ’ ಎಂಬ ಹಳೆಯ ನಿಷೇಧಪದ ಸಂಪೂರ್ಣವಾಗಿ ಮಾಯವಾಗಿದೆ. ಕಬೀಲಿಯಾ ಈಗ ನಡುವಿನ ಹಂತದಲ್ಲಿದೆ, ಎರಡೂ ಬೇಕು. ಅಗಾದಿರ್ ಸೀಮೆ ಹಳೆಯ ಹಂತದಲ್ಲಿಯೇ ಇದ್ದು ಸಾಮಾನ್ಯವಾಗಿ ‘ಉರ್’ ಒಂದರಿಂದಲೇ ಕೆಲಸ ನಡೆಸುತ್ತದೆ, ಒತ್ತಿ ಹೇಳಬೇಕಾದಾಗ ‘ಒಂದು’ ಎಂಬರ್ಥದ ‘ಯಾತ್’ ಸೇರಿಸುವುದುಂಟು. ಪೂರ್ವದ ಕೊನೆಯಲ್ಲಿರುವ ಸೀವಾದಲ್ಲಿ ಈ ಚಕ್ರದ ಗೊಡವೆಯೇ ಇಲ್ಲ. ಅಲ್ಲಿಯವರು ‘ಉರ್’ ಅನ್ನು ಬಿಟ್ಟು ಅರಬ್ಬಿಯ ‘ಲಾ’ವನ್ನು ಇಡಿಯಾಗಿ ತೆಗೆದುಕೊಂಡಿದ್ದಾರೆ.

ಆದ್ದರಿಂದ ಆಲೂರಿನವರ ಮಗ ತನ್ನ ಅಗಾದಿರ್ ಸಹೋದ್ಯೋಗಿಗೆ ‘ನನಗೆ ಗೊತ್ತಿಲ್ಲ’ ಎನ್ನಬೇಕಾದರೆ ‘ಉರ್ ಸ್ಸಿನಘ್’ ಎಂದರೆ ಸಾಕು. ಅದನ್ನೇ ಕಬೀಲಿಯಾದವರ ಮುಂದೆ ಹೇಳುವುದಾದರೆ ಕೊನೆಗೆ ‘ಅರಾ’ ಸೇರಿಸಬೇಕು.